ಆಟಿಯಲ್ಲಿ ತೆರೆದ ಬಾಗಿಲು

ಪಾಲೆಪ್ಪಾಡಿಯ ಗ್ರಂಥಾಲಯ ನೋಡಿಕೊಳ್ಳುವ ಕಮಲಾವತಿಯವರನ್ನು ಮಾತಿನಲ್ಲಿ ಸೋಲಿಸುವುದು ಬಹಳ ಸುಲಭ. ಯಾರು ಏನು ಹೇಳಿದರೂ "ಹೌದಾ?" ಎಂದು ಗೋಣು ಅಲ್ಲಾಡಿಸುತ್ತಾರೆ. ಗೆದ್ದೆವೆಂದು ಮೀಸೆ ತಿರುವಿಕೊಂಡು ಮನೆಗೆ ಹೋದವರಿಗೆ ನಾಲ್ಕು ದಿನ ಕಳೆದ ಮೇಲೆ ಗೊತ್ತಾಗುತ್ತದೆ, ಕೆಲಸ ಮಾತ್ರ ಕಮಲಾವತಿ ಅಂದುಕೊಂಡ ಹಾಗೆಯೇ ಆಗಿದೆ ಎಂದು. ಊರಿನಲ್ಲಿ ಹಿರಿಯರು ಕಿರಿಯರು ಎನ್ನದೆ ಎಲ್ಲರೂ ಅವರನ್ನು ಕಮಲಕ್ಕ ಎಂದೇ ಕರೆಯುವುದು.

ಬೆಳ್ಳಾರೆಯಿಂದ ಬರುವ ಬಸ್ಸು ತಿರುಗಿ ನಿಲ್ಲುವ ಜಾಗದಲ್ಲಿದೆ ಆ ಗ್ರಂಥಾಲಯ. ಒಂದು ಹಾಲ್, ಒಂದು ಕೋಣೆ, ಮುಂದೆ ಉದ್ದನೆಯ ಜಗಲಿ, ಅಷ್ಟೇ. ಆದರೆ ಕಮಲಕ್ಕನ ಕೈಯಲ್ಲಿ ಅದು ವರ್ಷವಿಡೀ ಗಿಜಿಗುಡುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರ. ಸೇರಬೇಕಾದರೆ ಅಜ್ಜಿಯಿಂದ ಕೇಳಿದ ಒಂದು ಕಥೆ ತರಬೇಕು. ಅರೆಭಾಷೆಯೋ ತುಳುವೋ ಬ್ಯಾರಿಯೋ ಯಾವ ಭಾಷೆಯಾದರೂ ಸರಿ. ಅಜ್ಜಿ ಇಲ್ಲದವರು ಪಕ್ಕದ ಮನೆಯ ಅಜ್ಜಿಯನ್ನು ಕಡ ತರಬಹುದು. ರಂಜಾನ್ ತಿಂಗಳಲ್ಲಿ ಬಾಗಿಲು ಬೆಳಗ್ಗೆ ಬೇಗ ತೆರೆದು ಸಂಜೆ ಬೇಗ ಮುಚ್ಚುತ್ತದೆ, ಉಪವಾಸ ಇರುವ ಮಕ್ಕಳಿಗೆ ಅನುಕೂಲವಾಗಲೆಂದು. ಮಳೆಗಾಲದ ಮಧ್ಯಾಹ್ನಗಳಲ್ಲಿ ಜಗಲಿಯಲ್ಲಿ ಓದು. ಬೀಡಿ ಕಟ್ಟುವ ಹೆಂಗಸರು ಎಲೆ, ಹೊಗೆಸೊಪ್ಪು, ತಡ್ಪೆ ಎನ್ನುವ ಮೊರ ಸಮೇತ ಬಂದು ಸಾಲಾಗಿ ಕೂರುತ್ತಾರೆ. ಅವರು ಬೀಡಿ ಕಟ್ಟುತ್ತಿದ್ದರೆ ಕಮಲಕ್ಕ ಕಾದಂಬರಿ ಓದಿ ಹೇಳುತ್ತಾರೆ. ಒಮ್ಮೆ ಕಥೆಯ ನಾಯಕಿಯನ್ನು ಅತ್ತೆ ಮನೆಯಿಂದ ಹೊರಗೆ ಹಾಕಿದ ದಿನ ಕಟ್ಟಿದ ಬೀಡಿಗಳಲ್ಲಿ ಅರ್ಧಕ್ಕರ್ಧ ಸಡಿಲವಾಗಿ, ಬೀಡಿ ಕೊಳ್ಳುವ ಬ್ರಾಂಚಿನವರು ವಾಪಸು ಮಾಡಿದ್ದರಂತೆ. ಆ ಅತ್ತೆಗೆ ಊರಿನ ಹೆಂಗಸರು ಇಂದಿಗೂ ಶಾಪ ಹಾಕುತ್ತಾರೆ.

ಇವೆಲ್ಲಕ್ಕಿಂತ ದೊಡ್ಡದು ಆಟಿ ಹದಿನೈದರ ಹಬ್ಬ. ಕಟ್ಟಡದ ಬಾಗಿಲು ತೆರೆದದ್ದು ಆ ದಿನ. ಆಟಿಯೆಂದರೆ ನಮ್ಮ ಕಡೆ ಮಳೆ, ಹಸಿವು, ಕಾಯಿಲೆಗಳ ತಿಂಗಳು. ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ. ಒಳ್ಳೆಯದೆಲ್ಲ ಮುಂದಿನ ಸೋಣ ತಿಂಗಳಿಗೆ. ಅಂಥ ತಿಂಗಳಲ್ಲಿ ಗ್ರಂಥಾಲಯ ಯಾಕೆ ತೆರೆದರು ಎಂದರೆ, ತೆರೆಯದೆ ಬೇರೆ ದಾರಿ ಇರಲಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಗ್ರಂಥಾಲಯ ಇದ್ದದ್ದು ರೇಷನ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಆ ವರ್ಷದ ಮಳೆಗೆ ಕೋಣೆಯ ಮಾಡು ಸೋರತೊಡಗಿತು. ಹೊಸ ಕಟ್ಟಡ ಮೇಸ್ತ್ರಿ ಕುಕ್ಕಪ್ಪನ ಕೈಯಿಂದ ಮುಗಿದು ನಿಂತಿತ್ತು, ಆದರೆ ಊರಿನ ಹಿರಿಯರು ಒಪ್ಪಲಿಲ್ಲ. "ಆಟಿಯಲ್ಲಿ ಒಕ್ಕಲು ಮಾಡುದಾ? ಒಂದು ತಿಂಗಳು ತಡೀರಿ" ಎಂದರು. ಕಮಲಕ್ಕ ಎಂದಿನಂತೆ "ಹೌದಾ?" ಎಂದರು. ಮರುದಿನ ಕಪಾಟಿನ ಕೆಳಗಿನ ಸಾಲಿನ ಪುಸ್ತಕಗಳು ನೀರು ಕುಡಿದು ಉಬ್ಬಿದ್ದವು. ಮಳೆ ಪಂಚಾಂಗ ನೋಡಿ ಸುರಿಯುವುದಿಲ್ಲವಲ್ಲ! ಕಮಲಕ್ಕ ಕೀ ಹಿಡಿದು ಹೊಸ ಕಟ್ಟಡದ ಮೆಟ್ಟಿಲಿನವರೆಗೆ ಬಂದರು, ಅಲ್ಲಿಗೆ ಕಾಲು ನಿಂತಿತು. ಎಷ್ಟೆಂದರೂ ಅವರೂ ಇದೇ ಮಣ್ಣಿನವರು. ಆಟಿಯಲ್ಲಿ ಹೊಸ ಬಾಗಿಲು ತೆಗೆಯಲು ಕೈ ಬರಲಿಲ್ಲ.

ಎದುರು ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಜೈನಬಮ್ಮ ಇದನ್ನೆಲ್ಲ ನೋಡುತ್ತಿದ್ದರು. ತಡ್ಪೆ ಬದಿಗಿಟ್ಟು, ಸೊಂಟ ಹಿಡಿದುಕೊಂಡು ರಸ್ತೆ ದಾಟಿ ಬಂದರು.

"ನಮಗೆ ಆಟಿ ಸೋಣ ಎಂತ ಇಲ್ಲ ಮಗಾ. ಕೀ ಕೊಡು ಇಲ್ಲಿ."

ಬಾಗಿಲು ತೆರೆದದ್ದು ಹಾಗೆ. ಭಾಷಣವಿಲ್ಲ, ಹಾರವಿಲ್ಲ. ಜೈನಬಮ್ಮ ಬೀಡಿ ಎಲೆಯ ಮೂಟೆಗೆ ಹೊದಿಸುತ್ತಿದ್ದ ಟರ್ಪಾಲು ತಂದರು; ಅದರ ಕೆಳಗೆ ಇಬ್ಬರೂ ಕುಕ್ಕಪ್ಪನೂ ಸೇರಿ ಸಂಜೆಯವರೆಗೆ ಪುಸ್ತಕ ಹೊತ್ತರು.

ಊರು ಸುಮ್ಮನಿರುತ್ತದೆಯೇ? ಮೇಲಿನ ಮನೆಯ ಪೂವಮ್ಮ ಎಲ್ಲರಿಗಿಂತ ಮೊದಲು ಹೇಳಿದರು: "ಆಟಿಯಲ್ಲಿ ಬಾಗಿಲು ತೆಗೆದದ್ದು ಬಾಳ್ಲಿಕ್ಕಿಲ್ಲ. ನೋಡಿ ಬೇಕಾದ್ರೆ, ಮಾಡು ಬೀಳ್ತದೆ." ಅದು ಊರೆಲ್ಲ ಹಬ್ಬಿತು. ಬಲ್ಬು ಸುಟ್ಟರೂ ಆಟಿ, ಹೆಂಚು ಜಾರಿದರೂ ಆಟಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತಿತ್ತು. ಬೇರೆಯವರಾಗಿದ್ದರೆ ಜಗಳ ಕಾಯುತ್ತಿದ್ದರು. ಕಮಲಕ್ಕ ಆಟಿಯನ್ನೇ ಮನೆಗೆ ಕರೆದು ಮಣೆ ಹಾಕಿದರು. ಮರುವರ್ಷ ಅದೇ ದಿನ ಮನೆಗೊಂದು ಆಟಿಯ ತಿಂಡಿ ತನ್ನಿ, ಪುಸ್ತಕ ಓದುವ, ಒಗಟು ಹೇಳುವ ಎಂದು ಸಾರಿದರು. ಕೆಸುವಿನ ಎಲೆಯ ಪತ್ರೊಡೆ, ಹಲಸಿನ ಬೀಜದ ಚಟ್ನಿ, ತಗತೆ ಸೊಪ್ಪಿನ ಪಲ್ಯ ಬಂದವು. ಅವುಗಳ ಹಿಂದೆ ಜನರೂ ಬಂದರು. ಪ್ರತಿ ವರ್ಷ ಆ ದಿನ ಬಾಗಿಲು ತೆಗೆಯುವುದು ಜೈನಬಮ್ಮನೇ. ಪೂವಮ್ಮ ಮಾತ್ರ ಮಗ ಹರಿಪ್ರಸಾದನ ಕೈಯಲ್ಲಿ ಪತ್ರೊಡೆ ಕಳಿಸುತ್ತಿದ್ದರೇ ಹೊರತು ತಾವು ಹೊಸ್ತಿಲು ದಾಟಲಿಲ್ಲ. ಒಮ್ಮೆ ಆಡಿದ ಮಾತನ್ನು ನುಂಗುವುದು ಪತ್ರೊಡೆ ನುಂಗಿದಷ್ಟು ಸುಲಭವಲ್ಲ.

ಆ ಹರಿಪ್ರಸಾದನೇ ಈಗ ಕಟ್ಟಡದ ಬೆಳ್ಳಿಹಬ್ಬ ಸಮಿತಿಯ ಅಧ್ಯಕ್ಷ. ಒಳ್ಳೆಯ ಹುಡುಗ, ಇದೇ ಗ್ರಂಥಾಲಯದಲ್ಲಿ ಓದಿ ದೊಡ್ಡವನಾದವನು. ಕಟ್ಟಡಕ್ಕೆ ಬಣ್ಣ ಹೊಡೆಸಿದ್ದ, ಹೊಸ ಕುರ್ಚಿ ತರಿಸಿದ್ದ.

"ಕಮಲಕ್ಕ, ಹಬ್ಬ ಸೋಣದಲ್ಲಿ ಇಡುವಾ. ಆಟಿಯಲ್ಲಿ ಪೆಂಡಾಲ್ ನಿಲ್ಲುದಿಲ್ಲ, ಉಪ್ಪಿನಂಗಡಿಯಲ್ಲಿ ನೆರೆ ಬಂದು ರಸ್ತೆ ಮುಳುಗಿದ್ರೆ ಅತಿಥಿಗಳೂ ಬರುದಿಲ್ಲ. ಬಾಗಿಲು ಜೈನಬಮ್ಮನೇ ತೆಗೀಲಿ, ಸ್ಟೇಜಿಗೂ ಕರೆಯುವಾ."

ಆಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಮಲಕ್ಕ "ಹೌದಾ?" ಎಂದು ಜೈನಬಮ್ಮನಿಗೆ ತಿಳಿಸಲು ಹೋದರು. ಜೈನಬಮ್ಮ ಮಳೆಗಾಲದ ಮೊದಲಿಗೆ ಅಂಗಳದಲ್ಲಿ ಜಾರಿ ಬಿದ್ದು, ಕೋಲು ಊರಿಕೊಂಡು ಮನೆಯೊಳಗಷ್ಟೇ ಓಡಾಡುತ್ತಿದ್ದರು. ಎಲ್ಲವನ್ನೂ ಕೇಳಿ ನಕ್ಕರು.

"ಸೋಣದಲ್ಲಿ ತೆಗೀಲಿಕ್ಕೆ ನಾನು ಯಾಕೆ ಮಗಾ? ಸೋಣದಲ್ಲಿ ತೆಗೀಲಿಕ್ಕೆ ಇಡೀ ಊರೇ ಉಂಟು."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಅದಕ್ಕೇ ಕಮಲಕ್ಕನಿಗೆ ಹೆಚ್ಚು ನೋವಾಯಿತು. ಯಾರೂ ಬಾರದ ದಿನ ಬಂದವರನ್ನು, ಎಲ್ಲರೂ ಬರುವ ದಿನ ಸಾಲಿನಲ್ಲಿ ಒಬ್ಬರನ್ನಾಗಿ ಕೂರಿಸಿದರೆ ಅದು ಮರ್ಯಾದೆಯೇ? ಹಬ್ಬ ಆಟಿ ಹದಿನೈದಕ್ಕೇ ಆಗಬೇಕು, ಜೈನಬಮ್ಮನೇ ಬಾಗಿಲು ತೆಗೆಯಬೇಕು ಎಂದು ಅವರು ಆ ಕ್ಷಣ ನಿಶ್ಚಯಿಸಿದರು. ಈ ಮಳೆ ಕಳೆದು ಇನ್ನೊಂದು ಆಟಿಗೆ ಜೈನಬಮ್ಮನ ಕಾಲು ಮೆಟ್ಟಿಲು ಹತ್ತುತ್ತದೆಂದು ಯಾರು ಹೇಳಬಲ್ಲರು?

ಆಟಿ ಹದಿನೈದರ ಹಿಂದಿನ ದಿನ ಹರಿಪ್ರಸಾದನನ್ನು ಹುಡುಕಿಕೊಂಡು ಮೇಲಿನ ಮನೆಗೆ ಹೋದರು. ಅವನು ಪುತ್ತೂರಿಗೆ ಹೋಗಿದ್ದ. ಜಗಲಿಯಲ್ಲಿ ಪೂವಮ್ಮ ಒಬ್ಬರೇ ಕೂತು ಕೆಸುವಿನ ಎಲೆಗೆ ಹಿಟ್ಟು ಸವರುತ್ತಿದ್ದರು. ಕಮಲಕ್ಕನಿಗೆ ತಡೆಯಲಾಗಲಿಲ್ಲ, ಜೈನಬಮ್ಮ ಹೇಳಿದ ಮಾತನ್ನು ಇದ್ದಂತೆ ಹೇಳಿಬಿಟ್ಟರು. ಪೂವಮ್ಮ ತಲೆ ಎತ್ತಲಿಲ್ಲ. ಎಲೆಯ ಮೇಲೆ ಎಲೆ ಇಟ್ಟು ಹಿಟ್ಟು ಸವರುತ್ತಲೇ ಇದ್ದರು. "ಕಾಪಿ ಕುಡ್ದು ಹೋಗಿ" ಎಂದರು, ಅಷ್ಟೇ. ಕಮಲಕ್ಕ ಕಾಪಿ ಕುಡಿದು, ಕಲ್ಲಿನ ಮೇಲೆ ಮಳೆ ಸುರಿದ ಹಾಗಾಯಿತೆಂದು ಬೇಸರದಲ್ಲಿ ಮನೆಗೆ ಬಂದರು.

ಆಟಿ ಹದಿನೈದು. ಬೆಳಗಿನಿಂದ ಮಳೆ ಕೊಡೆಯನ್ನೂ ಬಗ್ಗಿಸುವಂತೆ ಹೊಡೆಯುತ್ತಿತ್ತು. ಕಮಲಕ್ಕ ಕೀ ಹಿಡಿದು ಎದುರು ಮನೆಗೆ ಹೋದರೆ ಜೈನಬಮ್ಮ ಒಗೆದ ಬಟ್ಟೆ ಉಟ್ಟು, ತಲೆಗೆ ಬಿಳಿ ವಸ್ತ್ರ ಹಾಕಿ, ಕೋಲು ಹಿಡಿದು ಬಾಗಿಲಲ್ಲೇ ಕೂತಿದ್ದರು. ಸೋಣದಲ್ಲಿ ನಾನು ಯಾಕೆ ಎಂದವರಲ್ಲವೇ ಇವರು! ಕಮಲಕ್ಕನಿಗೆ ಅಳು ಬಂತು, ನಗುವೂ ಬಂತು.

ಆದರೆ ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಜೈನಬಮ್ಮ. ಎರಡು ಹೆಜ್ಜೆ ಇಡುವಷ್ಟರಲ್ಲಿ ಕೋಲು ಜಾರಿತು. ಇಬ್ಬರೂ ಅಂಗಳದಲ್ಲೇ ನಿಂತರು. ಮುಂದೆ ಹೋಗುವಂತಿಲ್ಲ, ಹಿಂದೆ ಹೋಗಲು ಮನಸ್ಸಿಲ್ಲ.

ಆಗ ಮೇಲಿನ ದಾರಿಯಿಂದ ಒಂದು ಕೊಡೆ ಇಳಿದು ಬಂತು. ಕೆಳಗೆ ಪೂವಮ್ಮ, ಕಂಕುಳಲ್ಲಿ ಬಾಳೆಎಲೆ ಮುಚ್ಚಿದ ಪಾತ್ರೆ. ಇಷ್ಟು ವರ್ಷ ಬೇರೆಯವರ ಕೈಯಲ್ಲಿ ಬಂದ ಪಾತ್ರೆ. ಅವರು ಪಾತ್ರೆಯನ್ನು ಕಮಲಕ್ಕನ ಕಂಕುಳಿಗೆ ಸೇರಿಸಿ, ಜೈನಬಮ್ಮನ ಇನ್ನೊಂದು ರಟ್ಟೆ ಹಿಡಿದರು. ಮೂವರೂ ನಿಧಾನವಾಗಿ ರಸ್ತೆ ದಾಟಿದರು.

ಅಮ್ಮ ಹೇಳದೆ ಕೇಳದೆ ಮನೆಯಿಂದ ಹೊರಟದ್ದು ತಿಳಿದು ಹರಿಪ್ರಸಾದ ಬೈಕಿನಲ್ಲಿ ಧಾವಿಸಿ ಬಂದ. ಅವನು ಮೆಟ್ಟಿಲ ಬಳಿ ನಿಂತು ನೋಡುತ್ತಿರುವಂತೆಯೇ ಜೈನಬಮ್ಮ ಕೀ ತಿರುಗಿಸಿದರು. ಬಾಗಿಲು ತೆರೆಯಿತು. ಅವರು ಒಳಗೆ ಹೋದರು, ಕಮಲಕ್ಕ ಹೋದರು. ಪೂವಮ್ಮ ಮಾತ್ರ ಹೊಸ್ತಿಲ ಹೊರಗೆ ನಿಂತರು, ಹೊರಡುವವರ ಹಾಗೆ ಸೆರಗು ಸರಿಮಾಡಿಕೊಂಡರು.

ಜೈನಬಮ್ಮ ಒಳಗಿನಿಂದ ಕೈ ಚಾಚಿದರು. "ಬನ್ನಿ ಪೂವಕ್ಕ. ಮಾಡು ಬೀಳ್ಲಿಕ್ಕಿಲ್ಲ."

ಪೂವಮ್ಮ ಒಮ್ಮೆ ಮೇಲೆ ನೋಡಿದರು. "ಬಿದ್ರೆ ಇಬ್ರ ತಲೆಗೂ ಒಟ್ಟಿಗೆ ಬೀಳ್ಲಿ ಮಾರಾಯ್ತಿ" ಎಂದು ಆ ಕೈ ಹಿಡಿದು ಬಲಗಾಲಿಟ್ಟು ಒಳಗೆ ಬಂದರು.

ಹರಿಪ್ರಸಾದ ಮಳೆಯಲ್ಲೇ ನಿಂತಿದ್ದ. ಆಮೇಲೆ ಒದ್ದೆ ಕಿಸೆಯಿಂದ ಫೋನು ತೆಗೆದು, "ಕಮಲಕ್ಕ, ನಾನು ಸಮಿತಿಯವರನ್ನು ಕರೀತೇನೆ. ಬೆಳ್ಳಿಹಬ್ಬ ಇವತ್ತೇ" ಎಂದ.

"ಹೌದಾ?" ಎಂದರು ಕಮಲಕ್ಕ. ಗೋಣು ಅಲ್ಲಾಡಿಸಿ, ಪತ್ರೊಡೆ ಬಡಿಸಲು ಬಾಳೆಎಲೆ ಹರಿಯತೊಡಗಿದರು.