ಮೆಟ್ಟಿಲ ಮೇಲೆ ಉಳ್ಳಾಗಡ್ಡಿ, ಮಹಡಿಯಲ್ಲೊಂದು ಬೀಗ

ದೆವ್ವದ ಸಿನಿಮಾ ನೋಡುವಾಗ ನನಗೆ ಸಿಟ್ಟು ಬರುವುದು ದೆವ್ವದ ಮೇಲಲ್ಲ, ಮನೆಯ ಮೇಲೆ. ಅಷ್ಟು ದೊಡ್ಡ ಬಂಗಲೆ, ಅಡುಗೆಮನೆ ಮಾತ್ರ ಎಲ್ಲೂ ಕಾಣುವುದಿಲ್ಲ. ಬಚ್ಚಲಿಲ್ಲ, ಹಿತ್ತಲಿಲ್ಲ. ವರ್ಷಗಟ್ಟಲೆ ಯಾರೂ ಕಾಲಿಡದ ಮನೆ ಅನ್ನುತ್ತಾರೆ, ಮೂಲೆಮೂಲೆಗೆ ಜೇಡರ ಬಲೆ ತೂಗುತ್ತಿರುತ್ತದೆ, ಅದರ ಪಕ್ಕದಲ್ಲೇ ಸಾಲಾಗಿ ಮೇಣದ ಬತ್ತಿಗಳು ಉರಿಯುತ್ತಿರುತ್ತವೆ. ಹಚ್ಚಿದವರು ಯಾರು? ಬಂದವರು ಹಾಗೇ ಒಂದು ಕಸಬರಿಗೆ ಆಡಿಸಿ ಹೋಗಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಈಗ ಹೀಗೆಲ್ಲ ಜೋರು ಮಾಡುತ್ತೇನೆ. ಎಪ್ಪತ್ತರ ದಶಕದ ನಡುವಿನಲ್ಲಿ ಬೈಲಹೊಂಗಲದ ಟೆಂಟಿನಲ್ಲಿ ಇಂಥದೊಂದು ಹಿಂದಿ ಚಿತ್ರ ನೋಡಿದಾಗ ಮಾತ್ರ ಜೀವ ಬಾಯಿಗೆ ಬಂದಿತ್ತು. ಯಾಕೆಂದರೆ ಅದೇ ತಿಂಗಳು ಸವದತ್ತಿಯವರು ನನ್ನನ್ನು ನೋಡಿಕೊಂಡು ಹೋಗಿದ್ದರು.

ಹುಡುಗ ನನಗೆ ಮನಸ್ಸಿಗೆ ಬಂದಿದ್ದ. ಉಪ್ಪಿಟ್ಟಿನ ತಟ್ಟೆ ಕೊಡುವಾಗ ಕದ್ದು ನೋಡಿದೆ, ಅವನಿಗೆ ಕೆಮ್ಮು ಬಂತು. ಆ ಕೆಮ್ಮಿಗೇ ನಾನು ಸೋತೆ. ಅವರ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು. ಇದ್ದ ಒಬ್ಬ ತಂಗಿ ಜ್ವರ ಬಂದು ಹೋಗಿಬಿಟ್ಟಿದ್ದಳಂತೆ. ಎಲ್ಲ ಸರಿಯೇ ಇತ್ತು. ಆದರೆ ಸಂಬಂಧ ತಂದವರು ಹೊಗಳಿಕೆಯ ಭರದಲ್ಲಿ ಒಂದು ಮಾತು ಅಂದಿದ್ದರು: “ಮನಿ ಅಲ್ರಿ ಅದು, ವಾಡೇನ ಐತಿ. ಮಹಡಿ ಐತಿ, ಕಟಗಿ ಮೆಟ್ಟಲಾ ಅದಾವು.”

ನಮ್ಮದು ಪೇಟೆಯ ಹಿಂದಿನ ಎರಡು ಅಂಕಣದ ಮಣ್ಣಿನ ಮನೆ. ರಾತ್ರಿ ಮಗ್ಗಲು ಬದಲಿಸಿದರೆ ಯಾರಾದರೊಬ್ಬರ ಮೈಗೆ ತಾಗುತ್ತಿತ್ತು. ಮಹಡಿಯನ್ನು ನಾನು ಒಳಹೊಕ್ಕು ಕಂಡಿದ್ದೇ ಪರದೆಯ ಮೇಲೆ. ಅಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಬಂಗಲೆಗೆ ಬರುತ್ತಾಳೆ. ಗಂಡ ಕೆಲಸವೆಂದು ಪೇಟೆಗೆ ಹೊರಡುತ್ತಾನೆ. ಉಳಿದದ್ದು ಕಂದೀಲು ಹಿಡಿದ ಒಬ್ಬ ಮುದಿ ಆಳು, ಮತ್ತೆ ಮಹಡಿಯ ಮೇಲೆ ಬೀಗ ಹಾಕಿದ ಒಂದು ಕೋಣೆ. ನನ್ನ ಪಕ್ಕ ಕೂತಿದ್ದ ಆಯಿ, ಅಂದರೆ ನನ್ನ ಅಜ್ಜಿ, “ಇಷ್ಟ ದೊಡ್ಡ ಮನ್ಯಾಗ ಈ ಹುಡುಗಿ ನೀರ ಕುಡ್ಯಾಕ ಎಲ್ಲಿಗೆ ಹೋಗತಾಳ?” ಎಂದು ಜೋರಾಗಿಯೇ ಕೇಳಿದಳು. ಹೆಂಗಸರ ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಆಯಿ ಅಲ್ಲೇ ನಿದ್ದೆ ಹೋದಳು. ನಾನು ಮಾತ್ರ ಆ ಬಂಗಲೆಯನ್ನು ಇಡಿಯಾಗಿ ಎತ್ತಿ ಸವದತ್ತಿಯಲ್ಲಿ ಇಟ್ಟುಬಿಟ್ಟೆ.

ಮದುವೆಗೆ ಮೊದಲು ಹುಡುಗಿ ಗಂಡನ ಮನೆ ನೋಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಹಿರಿಯರು ಹೋಗಿ ಬಾವಿ, ದನ, ಕಾಳುಕಡಿ ನೋಡಿ ಬರುತ್ತಿದ್ದರು. ಅದಕ್ಕೆ ‘ಮನಿ ನೋಡಾಕ ಹೋಗೂದು’ ಅನ್ನುತ್ತಿದ್ದೆವು. ಅಪ್ಪನ ಜೊತೆ ಆಯಿ ಹೊರಟು ಎಲೆಅಡಿಕೆಯ ಚೀಲ ಕಟ್ಟಿಕೊಳ್ಳುತ್ತಿದ್ದಾಗ ನಾನು ಹತ್ತಿರ ಹೋಗಿ ಕೂತೆ.

“ಆಯಿ, ಮಹಡಿ ಮ್ಯಾಲೆ ಬೀಗ ಹಾಕಿದ ಖೋಲಿ ಐತೇನ ನೋಡ್ಕೊಂಡ ಬಾ. ಇದ್ರ ನಾ ಒಲ್ಲೆ.”

“ಏನ ಒಲ್ಲೆ?”

“ಲಗ್ನಾ ಒಲ್ಲೆ.”

“ಹುಚ್ಚ ಖೋಡಿ,” ಎಂದು ತಲೆಗೊಂದು ಮೊಟಕಿ ಬಸ್ಸಿಗೆ ಹೋದಳು.

ಸಂಜೆ ಬಂದವಳೇ ಕಾಲು ತೊಳೆದುಕೊಂಡು ಗೋಡೆಗೆ ಒರಗಿದಳು. “ಮೆಟ್ಟಲಾ ಅದಾವು. ಒಂದೊಂದ ಮೆಟ್ಟಲ ಮ್ಯಾಲೂ ಉಳ್ಳಾಗಡ್ಡಿ ಹರವ್ಯಾರ. ನಿನ್ನ ದೆವ್ವ ಇಳದ ಬಂದ್ರ ಜಾರಿ ಬಿದ್ದ ಟೊಂಕಾ ಮುರಕೋತೈತಿ. ಮ್ಯಾಲೆ ಶೇಂಗಾದ ಚೀಲ, ಕೆಳಗ ಮಂದಿ, ಮುಂದ ದನಾ. ಕಾಲ ಇಡಾಕ ಜಾಗಿಲ್ಲ.” ನನಗೆ ನಗು ತಡೆಯಲಿಲ್ಲ. ಬಂಗಲೆ ಕುಸಿದು ಎದೆ ಹಗುರಾಗುತ್ತಿತ್ತು. ಆದರೂ ಕೇಳಿದೆ, “ಬೀಗ?”

ಆಯಿ ಎಲೆಗೆ ಸುಣ್ಣ ಸವರಿದಳು. “ಒಂದ ಖೋಲಿಗೆ ಐತಿ. ಅಷ್ಟ ಮಂದಿ ಇದ್ದ ಮನ್ಯಾಗ ಒಂದ ಖೋಲಿ ಖಾಲಿ ಅಂದ್ರ ನನಗೂ ಸೋಜಿಗ ಆತು. ಇದರಾಗ ಏನೈತ್ರಿ ಅಂತ ಕೇಳೇಬಿಟ್ಟೆ. ಬೀಗತಿ, ಹುಡುಗನ ಅವ್ವ, ಏನಂದ್ಲು ಗೊತ್ತೇನ? ಅದು ನಿಮ್ಮ ಹುಡುಗಿಗೇ ಐತ್ರಿ, ಆಕಿ ಬಂದ ಮ್ಯಾಲೆ ತೆಗೀತೇನಿ ಅಂದ್ಲು.”

ನನ್ನ ಬಂಗಲೆ ಮತ್ತೆ ಎದ್ದು ನಿಂತಿತು. ಆಯಿಗೋ ಸ್ವರ್ಗ ಸಿಕ್ಕಷ್ಟು ಖುಷಿ. “ಹೊಸ ಸೊಸಿಗೆ ಬಾಗಲಾ ಇರೂ ಖೋಲಿ ಯಾರ ಕೊಡತಾರ? ನಾ ನಾಕ ಮಕ್ಕಳ ಹಡಿಯೂತನಕಾ ಸೀರಿ ಪಡದೆ ಕಟ್ಕೊಂಡ ಮಲಗೇನಿ.”

“ನಾ ಒಲ್ಲೆ, ಆಯಿ.”

ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. “ಆಕಿ ಬೀಗದ ಕೈ ಟೊಂಕಕ್ಕ ಸಿಗಸ್ಕೊಂಡಾಳ. ನಾ ಕೇಳಿದಾಗ ಅದನ್ನ ಮಲಗಿದ ಕೂಸಿನ್ನ ಮುಟ್ಟಿದಂಗ ಮುಟ್ಟಿ ನೋಡ್ಕೊಂಡ್ಲು. ಕೆಟ್ಟ ಹೆಂಗಸು ಹಂಗ ಮುಟ್ಟೂದಿಲ್ಲ,” ಅಂದಳು. ನಾನು ಆಯಿಯ ಕಣ್ಣನ್ನು ನಂಬಿದೆ. ಆ ಕೆಮ್ಮೂ ನೆನಪಿತ್ತು ಅನ್ನಿ. ಮರುವಾರ ಲಗ್ನ ಗೊತ್ತಾಗಿ ಸಕ್ಕರೆ ಹಂಚಿದರು.

ಮದುವೆಯಾಗಿ ಹೋದ ಮರುದಿನ ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾಗಿದ್ದಾಗ, ಅತ್ತೆ “ಬಾ” ಎಂದು ಮೆಟ್ಟಿಲು ಹತ್ತಿದರು. ಉಳ್ಳಾಗಡ್ಡಿ ಸರಿಸುತ್ತ ಹಿಂದೆ ಹತ್ತಿದೆ. ಸಿನಿಮಾದಲ್ಲಿ ಬಾಗಿಲು ಕಿರ್ರೆನ್ನುತ್ತದಲ್ಲ, ಇದು ಅನ್ನಲಿಲ್ಲ. ತಿರುಗಣಿಗೆ ಎಣ್ಣೆ ಬಿಟ್ಟಿದ್ದರು. ಒಳಗೆ ಒಂದೆಳೆ ಜೇಡರ ಬಲೆಯಿಲ್ಲ. ಸಾರಿಸಿದ ನೆಲ ಇನ್ನೂ ಹಸಿಯಾಗಿತ್ತು. ಮೂಲೆಯಲ್ಲಿ ಒಂದು ಟ್ರಂಕು, ಅದರ ಮೇಲೆ ಹುಡುಗಿಯರು ಉಡುವ ಪರಕಾರ, ಮಡಿಸಿಟ್ಟದ್ದು. ಗೋಡೆಯ ಗೂಡಿನಲ್ಲಿ ಹಣತೆ, ಹೊಸ ಬತ್ತಿ. ಗೂಡಿಗೆ ಗೂಡೇ ಹೊಗೆ ಹಿಡಿದು ಕಪ್ಪಾಗಿತ್ತು.

“ನನ್ನ ಮಗಳ ಖೋಲಿ ಇದು,” ಅಂದರು ಅತ್ತೆ. “ದಿನಾ ಸಂಜಿಮುಂದ ದೀಪಾ ಹಚ್ಚಿ ಇಲ್ಲೇ ಕುಂದರತಿದ್ದೆ. ಸತ್ತವರು ತಿರುಗಿ ಬರತಾರ ಅಂತಾರಲ್ಲ ಮಂದಿ. ಒಂದ ಸಲಾರ ಬರಲಿ ಅಂತ. ಇಷ್ಟ ವರ್ಷ ಆತು ಯವ್ವಾ, ಒಂದ ಸಪ್ಪಳಾ ಸೈತ ಆಗಲಿಲ್ಲ.”

ಅಷ್ಟು ದಿನ ಹೆದರಿದ್ದವಳಿಗೆ ಅಲ್ಲಿ ನಿಂತು ಅಳು ಬಂತು. ದೆವ್ವ ಇರಬಾರದಿತ್ತೇ ಅನಿಸಿತು. ಅತ್ತೆ ಟೊಂಕದಿಂದ ಬೀಗದ ಕೈ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟರು. “ಇನ್ನ ಮ್ಯಾಲೆ ಇಲ್ಲೆ ನೀ ಸಪ್ಪಳಾ ಮಾಡು. ನಾ ಕೆಳಗ ಕೇಳತೇನಿ.”

ಅವತ್ತು ಸಂಜೆ ಅತ್ತೆ ಕೆಳಗೆ ರೊಟ್ಟಿ ಬಡಿಯುತ್ತಿದ್ದರು. ನಾನು ಮೇಲೆ ದೀಪ ಹಚ್ಚಿ, ಟ್ರಂಕನ್ನು ಬೇಕಂತಲೇ ಈ ಗೋಡೆಯಿಂದ ಆ ಗೋಡೆಗೆ ಎಳೆದೆ. ರೊಟ್ಟಿಯ ಬಡಿತ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.