ಹೂವಿನ ವಾರದ ಬೀಗ

ನಿನ್ನೆ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಕಿಟಕಿ ತೆರೆದಾಗ ಕಾಫಿ ಹೂವಿನ ವಾಸನೆ ಒಳನುಗ್ಗಿತು. ನಮ್ಮೂರು ಗಾಳಿಬೀಡಿನವರೆಲ್ಲ ಅದನ್ನು ಪರಿಮಳವೆನ್ನುತ್ತಾರೆ. ನನಗೆ ಅದು ಸಾಕ್ಷ್ಯದ ವಾಸನೆ. ನಾನೇ ಅಡಗಿಸಿದ ಸಾಕ್ಷ್ಯ...

ನಮ್ಮ ನೆರೆಯಲ್ಲಿ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರಿದ್ದರು. ಆರು ವರ್ಷ ಕುಳಿತು ಪತ್ತೇದಾರಿ ಕಾದಂಬರಿಯೊಂದನ್ನು ಬರೆದು, ಭಾಷೆ ತಿದ್ದಿಕೊಡಿರೆಂದು ನನ್ನಲ್ಲಿಗೆ ತಂದರು. ಕಥೆ ನಡೆಯುವುದು ಇನ್ನು ಎಂಬತ್ತು ವರ್ಷಗಳ ಮೇಲೆ, ಪಂಚನಾಮೆಯನ್ನು ಯಂತ್ರವೇ ಬರೆಯುವ ಕಾಲದಲ್ಲಿ. ತೋಟದಲ್ಲಿ ಕೂಲಿ ಹೆಂಗಸೊಬ್ಬಳ ಹೆಣ ಸಿಗುತ್ತದೆ. ಕಾಫಿ ಕೊಯ್ಯುವಾಗ ಆನೆ ತುಳಿಯಿತೆಂದು ಯಂತ್ರ ತೀರ್ಮಾನಿಸುತ್ತದೆ. ಮುದಿ ಪೊಲೀಸನೊಬ್ಬ ಮಾತ್ರ ಅವಳ ಸೆರಗನ್ನು ಮೂಸುತ್ತಾನೆ: ಹೂವಿನ ವಾಸನೆ. ಹೂ ಅರಳಿದ ವಾರದಲ್ಲಿ ಕೊಯ್ಲೆಲ್ಲಿಯದು? ಹೂವುದುರೀತೆಂದು ಆಳುಗಳನ್ನೇ ತೋಟಕ್ಕೆ ಬಿಡುವುದಿಲ್ಲ, ಗೇಟಿಗೆ ಬೀಗ. ಬೀಗದ ಕೈ ಧಣಿಯ ಬಳಿ ಮಾತ್ರ.

“ಯಂತ್ರಕ್ಕೆ ಎಲ್ಲ ಗೊತ್ತು ಸ್ವಾಮಿ, ಮೂಗೊಂದಿಲ್ಲ,” ಎಂದು ನಕ್ಕರು.

ಕಥೆಯನ್ನು ಅಷ್ಟು ಮುಂದಿನ ಕಾಲಕ್ಕೇಕೆ ಒಯ್ದಿರೆಂದು ಕೇಳಿದೆ. ನಗು ನಿಂತಿತು.

“ಅಷ್ಟೊತ್ತಿಗೆ ಎಲ್ರೂ ಸತ್ತಿರ್ತಾರಲ್ಲ, ಯಾರಿಗೂ ಮುಜುಗರ ಇಲ್ಲ. ಇದು ಹುದಿಕೇರಿ ಕಡೆ ನಡೆದದ್ದು. ‘ಕೊಯ್ಯುವಾಗ ಆನೆ’ ಅಂತ ವರದಿ ಬರೆದ ಕೈ ಇದೇ ಸ್ವಾಮಿ. ಮೇಲಿನವ್ರು ಹೇಳಿದ್ರು, ಬರೆದೆ. ಅವಳ ಮಗಳು ಇನ್ನೂ ಎಸ್ಟೇಟಿನ ಕೂಲಿ ಲೈನ್ ಮನೇಲೇ ಇದ್ದಾಳೆ. ಅವಳೊಮ್ಮೆ ಓದ್ಬೇಕು, ಅಷ್ಟೇ.”

ಹುದಿಕೇರಿಯ ಎಸ್ಟೇಟೆಂದೊಡನೆ ಧಣಿ ಯಾರೆಂದು ನನಗೆ ತಿಳಿಯಿತು. ನಾನು ವರ್ಷಾವರ್ಷ ಪುರಾಣ ಹೇಳುತ್ತಿದ್ದ ದೇವಸ್ಥಾನದ ಮೊಕ್ತೇಸರ. ನನಗೆ ಶಾಲು ಹೊದಿಸಿದವನು. ಬೀಗದ ಅಧ್ಯಾಯದ ಉದ್ದಕ್ಕೂ ಕೆಂಪು ಗೆರೆ ಎಳೆದೆ. “ಇಲ್ಲಿ ಔಚಿತ್ಯವಿಲ್ಲ. ಆನೆಯಲ್ಲೇ ಮುಗಿಸಿದರೆ ಕರುಣರಸ ನಿಲ್ಲುತ್ತದೆ,” ಎಂದೆ. ಔಚಿತ್ಯವಂತೆ, ರಸವಂತೆ! ಗುರುಗಳು ಮಡಿಯಲ್ಲಿ ಕಲಿಸಿದ ಶಬ್ದಗಳನ್ನು ತಂದು ನನ್ನ ಹೇಡಿತನಕ್ಕೆ ಹೊದಿಸಿದೆ.

ಅವರು ಆ ಅಧ್ಯಾಯದ ಹಾಳೆಗಳನ್ನು ಬಿಡಿಸಿ ನನ್ನ ಮುಂದಿಟ್ಟರು. “ನೀವು ಓದಿದವ್ರು. ಬ್ಯಾಡಾಂದ್ರೆ ಬ್ಯಾಡ.”

ಎರಡನೆಯ ಸಲವೂ ಅವರು ಮೇಲಿನವರು ಹೇಳಿದಂತೆಯೇ ಬರೆದರು... ಪುಸ್ತಕ ಅಚ್ಚಾದ ಮರುವರ್ಷ ತೀರಿಕೊಂಡರು. ಮೊಕ್ತೇಸರನಿಗೆ ಇಂದಿಗೂ ಮೊದಲ ಪ್ರಸಾದ. ನಾಚಿಕೆಗೇಡು! ಅದನ್ನು ತಿನ್ನುವ ಅವನಿಗೂ, ಎದುರು ಕುಳಿತು ಪುರಾಣ ಹೇಳುವ ನನಗೂ.

ನಿನ್ನೆ ಮಧ್ಯಾಹ್ನ ಸತ್ತ ಆ ಹೆಂಗಸಿನ ಮಗಳು ಬಂದಳು. ಕೈಯಲ್ಲಿ ಅದೇ ಪುಸ್ತಕ.

“ಹೂವಿನ ವಾರ, ಕೆಲ್ಸ ಇಲ್ಲ, ಅದಕ್ಕೆ ಬಂದೆ ಅಯ್ಯಾ. ತಿದ್ದಿದವ್ರು ಅಂತ ನಿಮ್ಮ ಹೆಸ್ರು ಅದೆ. ಬರೆಯೋವಾಗ ಆ ಅಜ್ಜ ಲೈನಿಗೆ ಬಂದು, ‘ನಿನ್ನವ್ವಂದು ನಿಜ ಬರಿತಾ ಇದ್ದೀನಿ ಮಗಾ’ ಅಂದಿದ್ರು. ಎರಡು ಸಲ ಓದ್ದೆ. ಬರೀ ಆನೆ ಅದೆ. ನಿಜ ಯಾವ ಪೇಜಲ್ಲಿ ಅದೆ ಅಯ್ಯಾ?”

ಪುರಾಣಗ್ರಂಥದ ವಸ್ತ್ರದೊಳಗೆ ಕಟ್ಟಿಟ್ಟಿದ್ದ ಬೀಗದ ಅಧ್ಯಾಯದ ಹಾಳೆಗಳನ್ನು ತಂದುಕೊಟ್ಟೆ. ಮೆಟ್ಟಿಲ ಮೇಲೆ ಕುಳಿತು ಕೊನೆಯವರೆಗೂ ಓದಿದಳು. ಕೆಂಪು ಗೆರೆಯ ಮೇಲೆ ಬೆರಳಿಟ್ಟು ತಲೆಯೆತ್ತಿದಳು.

“ಇದು ಯಾರ ಕೈ?”

“ಇದೇ,” ಎಂದು ಕೈ ಚಾಚಿದೆ.

ಹಾಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ನಮಸ್ಕರಿಸದೆ ಇಳಿದುಹೋದಳು. ಹಾಗೆಯೇ ಹೋಗಬೇಕಿತ್ತು.

ಪಕ್ಕದ ಮನೆಯ ಜಗಲಿ ಬರಿದಾಗಿದೆ; ನನ್ನ ತಪ್ಪನ್ನು ಒಪ್ಪಿಕೊಳ್ಳೋಣವೆಂದರೆ ಅವರಿಲ್ಲ... ಇಂದು ಪೂಜೆಯ ಕೊನೆಗೆ ಶಾಂತಿಮಂತ್ರ ಹೇಳಲಿಲ್ಲ. ಮೊಕ್ತೇಸರನ ಮೇಲೂ ನನ್ನ ಮೇಲೂ ಇರುವ ಈ ಸಿಟ್ಟನ್ನು ತಣಿಸಬೇಡವೆಂದಷ್ಟೇ ಭಗವಂತನಲ್ಲಿ ಬೇಡಿಕೊಂಡೆ.