ಹಿತ್ತಲ ಬಾಗಿಲ ಬೇವು

ದಡಾರ ಎದ್ದರೆ ನಮ್ಮ ಬಸವಕಲ್ಯಾಣದಲ್ಲಿ ಬೇನೆಯ ಹೆಸರು ಹೇಳುತ್ತಿರಲಿಲ್ಲ. 'ಅಮ್ಮ ಬಂದಾಳ' ಎನ್ನುತ್ತಿದ್ದರು. ಮುಂಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಅದು ಕಂಡರೆ ಆ ಮನೆಯೊಳಗೆ ಯಾರೂ ಹೋಗುತ್ತಿರಲಿಲ್ಲ, ಆ ಮನೆಯ ಮಗುವೂ ಹೊರಗೆ ಬರುತ್ತಿರಲಿಲ್ಲ. ಓದು ಬಾರದವರಿಗೂ ತಿಳಿಯುವ ಬೋರ್ಡು ಅದು.

ನಾನೋ ಓದಿದವಳು, ಹುಮನಾಬಾದಿನ ಶಾಲೆಯೊಂದರಲ್ಲಿ ಟೀಚರ್. ತೊಂಬತ್ತರ ದಶಕದಲ್ಲಿ ಒಮ್ಮೆ ನನ್ನ ಮೂರು ವರ್ಷದ ಮಗಳಿಗೆ ಜ್ವರ ಬಂದು ಮೈತುಂಬ ಕೆಂಪು ಗುಳ್ಳೆ ಎದ್ದವು. ಆ ವಾರವೇ ಶಾಲೆಗೆ ಇನ್‌ಸ್ಪೆಕ್ಷನ್. ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ರಾಜೇಶ್ವರಕ್ಕೆ ಹೋಗಿದ್ದರು. ಗಂಡನನ್ನು ಕೇಳಿದೆ. "ಗಂಡಸು ಮನ್ಯಾಗ ಕೂಸು ಹಿಡಕೊಂಡು ಕುಂದರಬೇಕೇನು?" ಎಂದ, ಪುಣ್ಯಾತ್ಮ.

ಮುಂಬಾಗಿಲಿಗೆ ಬೇವು ಕಟ್ಟಿದರೆ ಮಗಳನ್ನು ಬಾಲವಾಡಿಯ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಟ್ಟದಿದ್ದರೆ ದೇವಿಯ ಸಿಟ್ಟು. ಹಿತ್ತಲ ಬಾಗಿಲಿಗೆ ಕಟ್ಟಿದೆ. ಎಂಥ ಶಾಣ್ಯಾಕಿ ನೋಡಿ! ಮೂರನೆಯ ದಿನ ಜ್ವರ ಇಳಿದಿತ್ತು. ಗುಳ್ಳೆಗಳ ಮೇಲೆ ಪೌಡರ್ ಬಳಿದು, ಉದ್ದ ತೋಳಿನ ಅಂಗಿ ಹಾಕಿ, ಬಾಲವಾಡಿಯಲ್ಲಿ ಬಿಟ್ಟು ಬಸ್ಸು ಹತ್ತಿದೆ.

ಬಾಲವಾಡಿಯ ಅಕ್ಕೋರು ತಮ್ಮ ಏಳು ತಿಂಗಳ ಹೆಣ್ಣುಕೂಸನ್ನು ಅಲ್ಲೇ ತೊಟ್ಟಿಲು ಕಟ್ಟಿ ಮಲಗಿಸುತ್ತಿದ್ದರು. ಸಂಜೆ ಹೋದಾಗ ನಗುತ್ತ ಹೇಳಿದರು: "ನಿಮ್ಮ ಮಗಳು ತೊಟ್ಟಿಲಾ ಬಿಟ್ಟು ಏಳಲೇ ಇಲ್ಲ ನೋಡ್ರಿ. ದಿನ ಪೂರಾ ನನ್ನ ಕೂಸಿಗೆ ಮುದ್ದು ಕೊಟ್ಟಾಳ."

ಮಗಳ ಅಂಗಿಯ ತೋಳು ಕೆಳಗೆಳೆದು, ಎತ್ತಿಕೊಂಡು ಮನೆಗೆ ಬಂದೆ. ಮರುದಿನ ಮತ್ತೆ ಪೌಡರ್ ಬಳಿದು ಬಿಟ್ಟುಬಂದೆ.

ಹದಿನೈದು ದಿನದೊಳಗೆ ಅಕ್ಕೋರ ಮುಂಬಾಗಿಲಲ್ಲಿ ಬೇವು ಕಂಡಿತು. ಮೊಸರನ್ನ ಕಲಸಿಕೊಂಡು ಓಡಿದೆ. ಕೂಸು ಕಣ್ಣು ಬಿಡುತ್ತಿರಲಿಲ್ಲ, ರೆಪ್ಪೆಗಳು ಅಂಟಿಕೊಂಡಿದ್ದವು.

"ಎಲ್ಲಿಂದ ಬಂತೋ ತಿಳೀವಲ್ದುರಿ," ಎಂದರು ಅಕ್ಕೋರು. "ಓಣ್ಯಾಗ ಯಾರ ಬಾಗಲಿಗೂ ಬೇವು ಕಾಣಲಿಲ್ಲ."

"ನನಗೂ ತಿಳೀವಲ್ದುರಿ," ಎಂದೆ.

ಕೂಸು ಉಳಿಯಿತು, ಆದರೆ ಎಡಗಣ್ಣಿನಲ್ಲಿ ಹೂ ಬಿದ್ದು ಆ ಕಣ್ಣು ಹೋಯಿತು. ಅಂದಿನಿಂದ ನಾನು ಅಕ್ಕೋರ ಮನೆಯ ದಾರಿ ಬಿಟ್ಟು ಸುತ್ತು ಹಾಕಿ ಬಸ್‌ಸ್ಟ್ಯಾಂಡಿಗೆ ಹೋಗತೊಡಗಿದೆ. ಮನೆಯಲ್ಲಿ ಪೌಡರ್ ಡಬ್ಬಿ ಇಡುವುದನ್ನೇ ಬಿಟ್ಟೆ. ನನ್ನ ಮಗಳ ಎರಡೂ ಕಣ್ಣು ನೆಟ್ಟಗಿವೆ, ಅದನ್ನು ನೋಡಿ ಖುಷಿಪಡಲೂ ನನಗೆ ಹೆದರಿಕೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲೇ ಆ ತಾಯಿ ಮಗಳು ಎದುರಾದರು. ಇವತ್ತು ಹೇಳಿಯೇಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕೋರು ಹುಡುಗಿಯನ್ನು ನನ್ನ ಮುಂದೆ ತಂದು ನಿಲ್ಲಿಸಿದರು.

"ಕಾಲು ಬೀಳವಾ. ನಿನಗ ಅಮ್ಮ ಬಂದಾಗ ನಮ್ಮ ಹೊಸ್ತಿಲಾ ಯಾರೂ ದಾಟಲಿಲ್ಲ. ಮೊಸರನ್ನ ತಗೊಂಡು ಬಂದವ್ರು ಇವರೊಬ್ಬರ."

ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ಆಮೇಲೆ ಕಾಣುವ ಕಣ್ಣನ್ನು ನನ್ನ ಕಡೆ ತಿರುಗಿಸಿ ನಕ್ಕಳು.

"ಚಲೋ ಇರವಾ," ಎಂದು ಹರಸಿದೆ ನಾನು.